ಲಾಡ್ಜಿನ ಮೆಟ್ಟಿಲ ಮೇಲೆ ಹೇಳಿದ ಸುಳ್ಳು

ನನಗೆ ಮದುವೆಯಾಗಿ ನಾಲ್ಕು ತಿಂಗಳಾಗಿದ್ದಾಗ ನಮ್ಮ ಪ್ರೆಸ್ಸಿಗೆ ಒಂದು ಕರಪತ್ರ ಅಚ್ಚಿಗೆ ಬಂತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದಿದ್ದ ಕಾಲ. ನಜರ್‌ಬಾದಿನ ಹಳೆಯ ಹೆಂಚಿನ ಕಟ್ಟಡವೊಂದರಲ್ಲಿ ಪ್ರೆಸ್ಸು. ನಾನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಟರು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾಗದ, ಅಂಗಡಿಯವರ ರಸೀದಿ ಪುಸ್ತಕ, ಇಂಥವೇ ನಮಗೆ ಬರುತ್ತಿದ್ದ ಕೆಲಸ.

ಕರಪತ್ರ ಮಾಡಿಸಿದವನು ತನ್ನನ್ನು ವೈದ್ಯನೆಂದು ಕರೆದುಕೊಂಡಿದ್ದ. ಎಲ್ಲಿಂದಲೋ ತಿಂಗಳಿಗೊಮ್ಮೆ ಮೈಸೂರಿಗೆ ಬಂದು, ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಲಾಡ್ಜಿನಲ್ಲಿ ಒಂದು ವಾರ ಇದ್ದು ಹೋಗುತ್ತಿದ್ದನಂತೆ. 'ಪುರುಷರೇ, ಬಾಳು ಹಾಳಾಗುವ ಮುನ್ನ ಇದನ್ನು ಓದಿ' ಎಂದು ಮೇಲೆ ದಪ್ಪಕ್ಷರದಲ್ಲಿ ಬರಬೇಕಿತ್ತು. ಕೆಳಗೆ ರೋಗಗಳ ಪಟ್ಟಿ. ನರದೌರ್ಬಲ್ಯ, ಸ್ವಪ್ನಸ್ಖಲನ, ಶೀಘ್ರಸ್ಖಲನ. ಕೊನೆಗೆ, ಇಂಥ ರೋಗವಿದ್ದವನು ಹೆಂಡತಿಯ ಕಣ್ಣಿಗೆ ಗಂಡಸೇ ಅಲ್ಲ ಎಂಬ ಸಾಲು. ಮೊಳೆ ಜೋಡಿಸುವವನು ಸಾಮಾನ್ಯವಾಗಿ ಓದುವುದಿಲ್ಲ. ಕೈ ತಾನಾಗಿ ಅಕ್ಷರಗಳನ್ನಿಟ್ಟ ಕೇಸಿನ ಮನೆಗಳಿಗೆ ಹೋಗಿ ಬರುತ್ತದೆ. ಆದರೆ ಅವತ್ತು 'ಶೀಘ್ರ'ದ ಒತ್ತಕ್ಷರ ನನ್ನ ಬೆರಳಿನಿಂದ ಎರಡು ಸಲ ಜಾರಿ ನೆಲಕ್ಕೆ ಬಿತ್ತು.

ಏಕೆಂದರೆ ಅದು ನನ್ನದೇ ರೋಗ ಎಂದುಕೊಂಡಿದ್ದೆ. ಹೆಂಡತಿಯ ಹತ್ತಿರ ಹೋದಾಗಲೆಲ್ಲ ಶುರುವಾಗುವ ಮೊದಲೇ ಎಲ್ಲ ಮುಗಿದುಹೋಗುತ್ತಿತ್ತು. ಮೊದಮೊದಲು, ಹೊಸದಲ್ಲವೇ, ಸರಿಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಇವತ್ತೂ ಹಾಗೇ ಆದರೆ ಎಂಬ ಭಯ ಮಧ್ಯಾಹ್ನದಿಂದಲೇ ಶುರುವಾಗುತ್ತಿತ್ತು, ಮತ್ತು ಹಾಗೇ ಆಗುತ್ತಿತ್ತು. ಅವಳು ಆಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಆ ತಿರುಗುವಿಕೆಯನ್ನು ನಾನು ತಿರಸ್ಕಾರ ಎಂದೇ ಓದಿಕೊಂಡೆ. ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟರು ಬ್ರಹ್ಮಚರ್ಯದ ಬಗ್ಗೆ ಭಾಷಣ ಮಾಡಿ, ಒಂದು ತೊಟ್ಟು ಧಾತು, ಅಂದರೆ ವೀರ್ಯ, ಹೋದರೆ ನೂರು ತೊಟ್ಟು ರಕ್ತ ಹೋದ ಹಾಗೆ ಎಂದಿದ್ದರು. ಹರೆಯದಲ್ಲಿ ನಾನು ಮಾಡಿದ ತಪ್ಪುಗಳೆಲ್ಲ ಈಗ ಲೆಕ್ಕ ತೀರಿಸುತ್ತಿವೆ ಎಂದು ನಂಬಿದ್ದೆ. ಯಾರನ್ನು ಕೇಳುವುದು? ಅಪ್ಪನನ್ನು ಕೇಳುವ ಮಾತಲ್ಲ. ಸ್ನೇಹಿತರ ಮುಂದೆ ಎಲ್ಲರೂ ಹುಲಿಗಳೇ.

ಕರಡು ತೆಗೆದು ತಿದ್ದಿ, ಅಚ್ಚಿಗೆ ಕಳಿಸಿದೆ. ಟ್ರೆಡಲ್ ಮೆಷಿನ್ನು ತುಳಿಯುತ್ತಿದ್ದವನು ಕುಂಬಾರಕೊಪ್ಪಲಿನವನು. ಬೇಸಾಯದ ಮನೆತನ, ಆರಡಿ ದೇಹ. ಹೊಲ ಅಣ್ಣಂದಿರ ಪಾಲಿಗೆ ಬಿಟ್ಟು ಪ್ರೆಸ್ಸಿಗೆ ಬಂದಿದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನು. ಅವನು ಮೆಷಿನ್ನು ತುಳಿದರೆ ಗೋಡೆಯ ಮೇಲಿನ ಕ್ಯಾಲೆಂಡರು ಅಲ್ಲಾಡುತ್ತಿತ್ತು. ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಹೆಂಡತಿಯನ್ನು ಬೈಯುತ್ತಾರೆ ಎಂದು ಒಂದು ಸಲ ಹೇಳಿದ್ದ. ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ಅವತ್ತು ಮಸಿ ಆರದ ಒಂದು ಹಾಳೆ ಹಿಡಿದುಕೊಂಡು ನನ್ನ ಕೇಸಿನ ಹತ್ತಿರ ಬಂದ.

"ಇದೆಲ್ಲ ದಿಟವಾ ಅಣ್ಣ?"

"ಯಾವುದು?"

"ಇದೇ. ಈ ಔಸ್ದಿ. ವಾಸಿ ಆಯ್ತದಾ?"

ಅವನ ಮುಖ ನೋಡಿದ್ದರೆ ನನಗೆ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ, ನನ್ನ ಮುಖ ಅವನು ನೋಡಬಾರದು ಅಂತ. ಕೆಲಸ ಮಾಡುತ್ತಲೇ, "ಇಷ್ಟು ಖರ್ಚು ಮಾಡಿ ಅಚ್ಚು ಹಾಕಿಸೋನು ಸುಳ್ಳು ಬರೆಸ್ತಾನೇನಯ್ಯ?" ಎಂದೆ. ತಮಾಷೆಯ ದನಿಯಲ್ಲಿ. ಅವನು ಹಾಳೆಯನ್ನು ಮಡಿಸಿ ಷರಟಿನ ಒಳಜೇಬಿಗೆ ಹಾಕಿಕೊಂಡು ಹೋದ. ಮಸಿ ಬಟ್ಟೆಗೆ ಹತ್ತುತ್ತದೆ ಎಂಬ ಪರಿವೆಯೂ ಅವನಿಗಿರಲಿಲ್ಲ.

ಮಾರನೆಯ ವಾರ ಊಟದ ಬಿಡುವಿನಲ್ಲಿ ನಾನು ಆ ಲಾಡ್ಜಿಗೆ ಹೋದೆ. ಮರದ ಮೆಟ್ಟಿಲು, ಇಕ್ಕಟ್ಟು. ಅರ್ಧ ಹತ್ತಿದ್ದೇನೆ, ಮೇಲಿನಿಂದ ನಮ್ಮ ಮೆಷಿನ್ನಿನವನು ಇಳಿದು ಬರುತ್ತಿದ್ದಾನೆ. ಕೈಯಲ್ಲಿ ಹಳೆ ಪೇಪರಿನ ಪೊಟ್ಟಣ. ಅದನ್ನು ಬೆನ್ನ ಹಿಂದೆ ಸರಿಸಿದ. ಒಬ್ಬರು ಪಕ್ಕಕ್ಕೆ ಸರಿಯದೆ ಇನ್ನೊಬ್ಬರು ಹೋಗಲಾಗದಂಥ ಜಾಗ.

"ನೀವೇನಣ್ಣ ಇಲ್ಲಿ?" ಎಂದ.

"ಕರಡು ತೋರಿಸೋಕೆ. ಒಂದು ತಪ್ಪು ಉಳಿದಿತ್ತು. ನೀನು?"

"ನಮ್ಮೂರೋರು ಒಬ್ರು ಬಂದವ್ರೆ. ನೋಡ್ಕೊಂಡು ಓಗವ ಅಂತ."

ನನ್ನ ಕೈಯಲ್ಲಿ ಯಾವ ಕರಡೂ ಇರಲಿಲ್ಲ. ಅವನೂ ನೋಡಿದ. ನಾನು ಗೋಡೆಗೆ ಒತ್ತಿಕೊಂಡೆ, ಅವನು ಇಳಿದು ಹೋದ. ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು. ಆ ಮೆಟ್ಟಿಲ ಮೇಲೆ ಒಂದೇ ಒಂದು ನಿಜ ಹೇಳಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ.

ವೈದ್ಯ ದಪ್ಪ ಮನುಷ್ಯ, ಬಿಳಿ ಜುಬ್ಬ, ಬೆರಳ ತುಂಬ ಉಂಗುರ. ಗಾಜಿನ ಲೋಟ ಕೊಟ್ಟು ಪರದೆಯ ಹಿಂದೆ ಹೋಗಿ ಮೂತ್ರ ಹಿಡಿದು ತರಲು ಹೇಳಿದ. ತಂದ ಮೇಲೆ ಒಂದು ಶೀಶೆಯಿಂದ ನಾಲ್ಕು ಹನಿ ಅದಕ್ಕೆ ಬಿಟ್ಟ. ತಿಳಿಯಾಗಿದ್ದದ್ದು ಬೆಳ್ಳಗೆ ಮಜ್ಜಿಗೆಯಂತಾಯಿತು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ.

"ನೋಡಿದಿರಾ? ಎಲ್ಲ ಹರಿದು ಹೋಗ್ತಾ ಇದೆ. ಇನ್ನೊಂದು ವರ್ಷ ಬಿಟ್ಟಿದ್ರೆ ನೀವು ಬದುಕಿದ್ದೂ ಸತ್ತ ಹಾಗೆ."

ಬೂದು ಬಣ್ಣದ ಪುಡಿಯ ಪೊಟ್ಟಣಗಳನ್ನು ಕಟ್ಟಿಕೊಟ್ಟ. ಬೆಳಿಗ್ಗೆ ಒಂದು, ಸಂಜೆ ಒಂದು, ಬೆಣ್ಣೆಯಲ್ಲಿ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ. ಹುಣಿಸೆ ಹುಳಿ ಮುಟ್ಟಬಾರದು, ಹೆಂಡತಿಯನ್ನಂತೂ ಮುಟ್ಟಲೇಬಾರದು. ಯಾರಿಗಾದರೂ ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಎಂದ. ಆ ಕೊನೆಯ ಮಾತು ಎಷ್ಟು ಲೆಕ್ಕಾಚಾರದ್ದು ಎಂದು ಆಗ ತಿಳಿಯಲಿಲ್ಲ.

ಎಂಟು ಹತ್ತು ದಿನ ತೆಗೆದುಕೊಂಡೆ. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ. ವಸಡು ನೋಯತೊಡಗಿತು. ಊಟದಲ್ಲಿ ಸಾರು ಬೇಡ ಎನ್ನುವುದನ್ನೂ, ಚಾಪೆಯನ್ನು ದೂರ ಹಾಸಿಕೊಳ್ಳುವುದನ್ನೂ ನನ್ನ ಹೆಂಡತಿ ಗಮನಿಸಿದ್ದಳು. ಒಂದು ದಿನ ನನ್ನ ಕೋಟು ಒಗೆಯಲು ತೆಗೆದಾಗ ಪೊಟ್ಟಣಗಳು, ಅವುಗಳ ಜೊತೆಗೆ ಕರಪತ್ರ ಅವಳಿಗೆ ಸಿಕ್ಕಿವೆ. ಮನೆಯಲ್ಲಿ ಅದನ್ನು ಕೇಳಲು ಜಾಗವಿರಲಿಲ್ಲ. ಒಂದು ನಡುಮನೆ, ಒಂದು ಕೋಣೆ, ಅಪ್ಪ, ಅಮ್ಮ, ವಿಧವೆ ಸೋದರತ್ತೆ, ಮದುವೆಯ ವಯಸ್ಸಿಗೆ ಬಂದ ತಂಗಿ. ನಮ್ಮ ಕೋಣೆಯ ಬಾಗಿಲಿಗೆ ಅಗುಳಿ ಇರಲಿಲ್ಲ.

ಭಾನುವಾರ ಸಂಜೆ ದೇವಸ್ಥಾನಕ್ಕೆ ಎಂದು ಅಮ್ಮನಿಗೆ ಹೇಳಿ ನನ್ನನ್ನು ಹೊರಡಿಸಿದಳು. ದೇವಸ್ಥಾನ ದಾಟಿ ಕಾರಂಜಿ ಕೆರೆಯ ಏರಿಯ ಮೇಲೆ ನಡೆದೆವು. ಅಲ್ಲಿ ಹುಲ್ಲು ಕೊಯ್ಯುವವರನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಆ ಕಾಗದ ಓದಿದೆ" ಎಂದಳು. "ನಾನು ಯಾವತ್ತಾದ್ರೂ ಏನಾದ್ರೂ ಅಂದಿದೀನಾ ನಿಮಗೆ?"

"ಅಂದಿಲ್ಲ. ಆದ್ರೆ ಗೋಡೆ ಕಡೆ ತಿರುಗ್ತೀಯಲ್ಲ."

ಅವಳು ತಟಕ್ಕನೆ ನಿಂತುಬಿಟ್ಟಳು. "ಗೋಡೆ ಆಚೆ ನಿಮ್ಮಮ್ಮ ಕೆಮ್ಮಿದ್ರೆ ನನಗೆ ಜೀವವೇ ಹೋಗುತ್ತೆ. ಎಚ್ಚರ ಇದಾರಾ, ಮಲಗಿದಾರಾ ಅಂತ ಕಿವಿ ಇಟ್ಟುಕೊಂಡಿರ್ತೀನಿ. ಬೇಗ ಮುಗಿದ್ರೆ ಸಾಕಪ್ಪಾ ಅನ್ಸುತ್ತೆ ನನಗೆ. ನೀವು ಅದಕ್ಕೇ ಅವಸರ ಮಾಡ್ತೀರಿ ಅಂದ್ಕೊಂಡಿದ್ದೆ."

ನನಗೆ ಅಳು ಬಂತು. ಅವಳ ಮುಂದೆ ಅತ್ತಿದ್ದು ಅದೇ ಮೊದಲು. ಅವಳು ಸೆರಗಿನ ಗಂಟಿನಿಂದ ಉಳಿದ ಪೊಟ್ಟಣಗಳನ್ನು ಬಿಚ್ಚಿ, ಅಲ್ಲೇ ಏರಿಯ ಮಣ್ಣಿನಲ್ಲಿ ಒಂದು ಕೋಲಿನಿಂದ ಗುಣಿ ತೋಡಿ ಹೂತಳು. "ಕೆರೆಗೆ ಹಾಕ್ಬಾರ್ದು, ಮೀನಿರುತ್ತೆ" ಎಂದಳು.

ನಾನು ಔಷಧಿ ಬಿಟ್ಟೆ. ಎರಡು ವಾರದಲ್ಲಿ ವಸಡು ಸರಿಹೋಯಿತು. ಆದರೆ ಪ್ರೆಸ್ಸಿನಲ್ಲಿ ನನ್ನಿಂದ ಹತ್ತು ಮಾರು ದೂರದಲ್ಲಿ ಮೆಷಿನ್ನು ತುಳಿಯುತ್ತಿದ್ದವನಿಗೆ ಅದನ್ನು ಹೇಳಲಿಲ್ಲ. ಹೇಳಬೇಕಾದರೆ ನಾನೂ ತೆಗೆದುಕೊಂಡೆ ಎನ್ನಬೇಕು, ಯಾಕೆ ತೆಗೆದುಕೊಂಡೆ ಎನ್ನಬೇಕು. ನಾಳೆ ಹೇಳೋಣ ಎಂದುಕೊಂಡೆ. ದಿನಾ ನಾಳೆ ಎಂದುಕೊಂಡೆ.

ಅವನು ಒಂದು ಮಂಡಲ ಮುಗಿಸಿ ಎರಡನೆಯದಕ್ಕೆ ಕೈಹಾಕಿದ್ದ. ನೋಡನೋಡುತ್ತ ಬದಲಾದ. ಎಲೆ ಅಡಿಕೆ ಹಾಕುವುದನ್ನು ಬಿಟ್ಟ, ಬಾಯಿ ಹುಣ್ಣು ಎಂದ. ಉಗುಳಿದರೆ ರಕ್ತ. ಮೆಷಿನ್ನಿಗೆ ಹಾಳೆ ಕೊಡುವಾಗ ಕೈ ನಡುಗಿ ಕಾಗದ ಸೊಟ್ಟಗೆ ಬೀಳುತ್ತಿತ್ತು, ಯಜಮಾನರು ಬೈದರು. ಆಮೇಲೆ ಬೆಳಿಗ್ಗೆ ಬಂದಾಗ ಕಣ್ಣಿನ ಸುತ್ತ ಬಾವು. ಪಾದ ಊದಿ ಚಪ್ಪಲಿ ಹಾಕಲಾಗದೆ ಬರಿಗಾಲಲ್ಲಿ ಬರುತ್ತಿದ್ದ.

"ಏನಯ್ಯ ಇದು, ಡಾಕ್ಟರಿಗೆ ತೋರಿಸು" ಎಂದೆ ಒಂದು ದಿನ.

"ಮೈಯಾಗಿರೋ ಕೆಟ್ಟದ್ದೆಲ್ಲ ಈಚೆ ಬತ್ತಾ ಅದಂತೆ ಅಣ್ಣ. ಆಮೇಕೆ ಸರಿ ಓಯ್ತದೆ" ಎಂದ.

ಯಾರು ಹಾಗೆ ಹೇಳಿದರು ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಅವತ್ತು ಬಾಯಿ ತೆರೆದಿದ್ದೆ, ಹೇಳಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ಅವರು ಹೋದ ಮೇಲಾದರೂ ಹೇಳಬಹುದಿತ್ತು.

ಅವನು ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನು ಕುಂಬಾರಕೊಪ್ಪಲಿಗೆ ಸೈಕಲ್ ತುಳಿದೆ. ಜಗುಲಿಯ ಮೇಲೆ ಚಾಪೆಯಲ್ಲಿ ಮಲಗಿದ್ದ. ಮುಖ ಗುರುತು ಸಿಗದಷ್ಟು ಊದಿತ್ತು. ಎರಡು ದಿನದಿಂದ ಮೂತ್ರವೇ ಆಗಿಲ್ಲ ಎಂದು ಅವನ ಅಣ್ಣ ಹೇಳಿದ. ಅವನ ತಾಯಿ ಹಣೆ ಚಚ್ಚಿಕೊಂಡಳು.

"ಯಾರೋ ಮಾಟ ಮಾಡವ್ರೆ ಕಣಪ್ಪ. ಇವ್ಳು ಕಾಲಿಟ್ಟ ಗಳಿಗೆನೇ ಸರಿ ಇಲ್ಲ. ಒಂದು ಕೂಸೂ ಎರ್ಲಿಲ್ಲ, ಈಗ ನನ್ನ ಮಗನ್ನೂ ತಿಂತಾವ್ಳೆ."

ಅವನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಆ ಮಾತುಗಳಿಗೆ ತಲೆಯನ್ನೂ ಎತ್ತಲಿಲ್ಲ; ಅಷ್ಟು ಅಭ್ಯಾಸವಾಗಿತ್ತೇನೋ.

ಎತ್ತಿನ ಗಾಡಿ ಮಾಡಿ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಡಾಕ್ಟರು ನಡುವಯಸ್ಸಿನವರು, ಬೇಗ ಬೇಗ ಮಾತಾಡುತ್ತಿದ್ದರು. ವಸಡು ನೋಡಿದರು, ನಡುಗುವ ಬೆರಳು ನೋಡಿದರು. ಪ್ರೆಸ್ಸಿನ ಕೆಲಸ ಎಂದು ಕೇಳಿ, "ಸೀಸದ ಮೊಳೆ ಮುಟ್ಟಿ ಮುಟ್ಟಿ ಹೀಗಾಯ್ತೇನೋ" ಎಂದರು. ಮತ್ತೆ ಅನುಮಾನ ಬಂದು, "ಇವನು ಏನಾದ್ರೂ ನಾಟಿ ಔಷಧಿ ತಗೊಂಡಿದ್ನಾ?" ಎಂದು ಮನೆಯವರನ್ನು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಡಾಕ್ಟರು ವರಾಂಡಕ್ಕೆ ಬಂದಾಗ ನಾನು ಹಿಂದೆಯೇ ಹೋಗಿ ಎಲ್ಲ ಹೇಳಿದೆ. ಪುಡಿಯ ಬಣ್ಣ, ಬಾಯಿಯ ರುಚಿ, ಲಾಡ್ಜು, ಲೋಟದಲ್ಲಿ ಮೂತ್ರ ಬೆಳ್ಳಗಾದದ್ದು.

"ರುಚಿ ನಿಮಗೆ ಹೇಗೆ ಗೊತ್ತು?" ಎಂದರು.

"ನಾನೂ ತಗೊಂಡಿದ್ದೆ ಸಾರ್. ಬಿಟ್ಟುಬಿಟ್ಟೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾದರಸ ಇದ್ದಿರಬೇಕು ಅದರಲ್ಲಿ. ಮೂತ್ರಪಿಂಡ ಎರಡೂ ಕೆಲಸ ನಿಲ್ಲಿಸಿವೆ. ನೀವು ಬಿಟ್ಟಾಗಲೇ ಇವನಿಗೂ ಹೇಳಿದ್ದರೆ..." ಎಂದವರು ಮಾತು ನಿಲ್ಲಿಸಿದರು. ಆಮೇಲೆ, "ಏನು ತೊಂದರೆ ಇತ್ತು ನಿಮಗೆ? ಬೇಗ ಆಗಿಬಿಡುತ್ತೆ, ಅಷ್ಟೇ ತಾನೆ?" ಎಂದರು.

ತಲೆಯಾಡಿಸಿದೆ.

"ಅರ್ಧ ಊರಿಗೆ ಇರುತ್ತೆ ಅದು. ಅದರಿಂದ ಯಾರೂ ಸಾಯಲ್ಲ. ಹೊಸ ಮದುವೆ, ತುಂಬಿದ ಮನೆ, ಆಗಿಬಿಡುತ್ತೆ ಅನ್ನೋ ಹೆದರಿಕೆ. ಹೆದರಿದಷ್ಟೂ ಬೇಗ ಆಗುತ್ತೆ. ಧಾತು ಹೋದರೆ ರಕ್ತ ಹೋಗಲ್ಲ. ನಿಮ್ಮ ಮೂತ್ರಕ್ಕೆ ಅವನು ಏನೋ ಹಾಕಿದ್ದಕ್ಕೆ ಬೆಳ್ಳಗಾಯ್ತು, ಯಾರದಕ್ಕೆ ಹಾಕಿದ್ರೂ ಆಗ್ತಿತ್ತು. ಹೆಂಡತಿ ಹತ್ತಿರ ಮಾತಾಡಿ, ಅವಸರ ಮಾಡಬೇಡಿ, ನಡುವೆ ನಿಲ್ಲಿಸಿ ಸುಧಾರಿಸಿಕೊಳ್ಳಿ. ಬಹಳ ಜನಕ್ಕೆ ಅಷ್ಟೇ ಸಾಕಾಗುತ್ತೆ. ಸಾಲದಿದ್ರೆ ನನ್ನ ಹತ್ತಿರ ಬನ್ನಿ, ಲಾಡ್ಜಿಗೆ ಹೋಗಬೇಡಿ."

ಐದು ನಿಮಿಷದ ಮಾತು. ಎರಡು ಮಂಡಲದ ಹಿಂದೆ ಯಾರಾದರೂ ನಮ್ಮಿಬ್ಬರನ್ನೂ ಕೂರಿಸಿ ಆ ಐದು ನಿಮಿಷ ಮಾತಾಡಿದ್ದರೆ ಸಾಕಿತ್ತು.

ಮಾರನೆಯ ದಿನ ಮಧ್ಯಾಹ್ನ ಹೋದಾಗ ಅವನಿಗೆ ಎಚ್ಚರವಿತ್ತು. ಉಸಿರಾಟ ಕಷ್ಟವಾಗಿತ್ತು. ಅಣ್ಣ ನೀರು ತರಲು ಹೋದ ಸಮಯ ನೋಡಿ ನನ್ನ ಕೈ ಹಿಡಿದ.

"ಅವತ್ತು ನೀವೂ ಅದಕ್ಕೇ ಬಂದಿದ್ರಾ ಅಣ್ಣ? ಆ ಮೆಟ್ಲತಾವ?"

"ಹೂಂ."

"ನೀವೂನಾ?"

"ಹೂಂ ಕಣಯ್ಯ. ನಾನೂ ತಗೊಂಡೆ. ವಸಡು ನೋವು ಬಂತು, ಬಿಟ್ಟೆ."

ಅವನು ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. "ನಾನೊಬ್ನೇ ಇಂಗೆ ಅಂದ್ಕಂಡಿದ್ದೆ" ಎಂದ. ಆಮೇಲೆ, "ಮೊದ್ಲೇ ಏಳ್ಬಾರ್ದಾಗಿತ್ತಾ?" ಎಂದ. ಅಣ್ಣ ನೀರು ಹಿಡಿದುಕೊಂಡು ಬಂದ. ನಾನು ಎದ್ದು ಬಂದೆ.

ಎರಡು ದಿನಕ್ಕೆ ಅವನು ಹೋದ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಅವನ ತಾಯಿ ಬಂದವರೆದುರಿಗೆಲ್ಲ ಸೊಸೆಯನ್ನೇ ದೂರುತ್ತಿದ್ದಳು. ಆ ಹುಡುಗಿ ದನದ ಕೊಟ್ಟಿಗೆಯ ಪಕ್ಕ ಕೂತಿದ್ದಳು, ಅವಳ ಪಕ್ಕದಲ್ಲಿ ಒಬ್ಬರೂ ಇರಲಿಲ್ಲ. ನಾನು ಅಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದೆ: ಆ ಹುಡುಗಿಯ ತಪ್ಪಿಲ್ಲ, ಅವನು ಇಂಥ ಔಷಧಿ ತೆಗೆದುಕೊಂಡಿದ್ದ, ಡಾಕ್ಟರನ್ನು ಬೇಕಾದರೆ ಕೇಳಿ.

"ಎಂತಾ ಔಸ್ದಿ? ಯಾತಕ್ಕೆ?"

ಹೇಳಿದೆ. ಅವನ ಮುಖ ಕಪ್ಪಾಯಿತು. ನನ್ನ ತೋಳು ಹಿಡಿದು ಬೀದಿಯವರೆಗೆ ನಡೆಸಿಕೊಂಡು ಬಂದ.

"ಸತ್ತೋನ ಮರ್ವಾದೆ ತೆಗೀಬ್ಯಾಡಿ ಸ್ವಾಮಿ. ನಮ್ಮನೆ ಗಂಡಸು ಅಂತಾ ಗಂಡ್ಸಲ್ಲ. ಈ ಮಾತು ಇನ್ನೊಬ್ರ ಕಿವಿಗೆ ಬಿದ್ರೆ ನಾನು ಮನ್ಸ ಆಗಿರಾಕಿಲ್ಲ. ಓಗಿ ಇಲ್ಲಿಂದ."

ತಮ್ಮ ಗಂಡಸಲ್ಲ ಎಂಬ ಮಾತಿಗಿಂತ ತಮ್ಮನ ಹೆಂಡತಿ ಅವನನ್ನು ತಿಂದಳು ಎಂಬ ಮಾತು ಆ ಮನೆಗೆ ಹಗುರವಾಗಿತ್ತು. ತಿಂಗಳೊಳಗೆ ಅವಳನ್ನು ತೌರಿಗೆ ಕಳಿಸಿದರೆಂದು ಕೇಳಿದೆ. ತೌರು ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋಗಿ ಅವಳಿಗಾದರೂ ನಿಜ ಹೇಳಬೇಕಿತ್ತು ಎಂದು ನನ್ನ ಹೆಂಡತಿ ಎಷ್ಟೋ ಸಲ ಅಂದಿದ್ದಾಳೆ. ನಾನು ಹೋಗಲಿಲ್ಲ. ಆ ಅಣ್ಣನ ಭಯ ಎಂದು ಹೇಳಿಕೊಳ್ಳುತ್ತೇನೆ, ಅದೊಂದೇ ಅಲ್ಲ.

ಡಾಕ್ಟರು ಪೊಲೀಸರಿಗೆ ತಿಳಿಸಿದ್ದರಂತೆ. ಅಷ್ಟರಲ್ಲಿ ವೈದ್ಯ ಲಾಡ್ಜು ಖಾಲಿ ಮಾಡಿದ್ದ. ನಾಲ್ಕೈದು ತಿಂಗಳಾದ ಮೇಲೆ ಅದೇ ಕರಪತ್ರ ಮತ್ತೆ ನಮ್ಮ ಪ್ರೆಸ್ಸಿಗೆ ಬಂತು. ವೈದ್ಯನ ಹೆಸರು ಬೇರೆ, ಲಾಡ್ಜು ಬೇರೆ, ಉಳಿದ ಸಾಲುಗಳೆಲ್ಲ ಅವೇ. ನಾನು ಮಾಡುವುದಿಲ್ಲ ಎಂದೆ. ಕಾರಣ ಹೇಳಿದೆ. ಯಜಮಾನರು ಕೇಳಿಸಿಕೊಂಡು, "ಅಚ್ಚು ಹಾಕೋದಷ್ಟೇ ನಮ್ಮ ಕೆಲಸ ಕಣಯ್ಯ, ನುಂಗು ಅಂತ ನಾವು ಹೇಳಿದ್ವಾ?" ಎಂದರು. ಇನ್ನೊಬ್ಬ ಕಂಪೋಸಿಟರನ ಕೈಗೆ ಕೊಟ್ಟರು. ಅವನು ಒಂದು ಗಂಟೆಯಲ್ಲಿ ಮುಗಿಸಿದ. ನಾನು ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ತಂಗಿಯ ಮದುವೆಯಾಯಿತು, ಅಪ್ಪ ತೀರಿಕೊಂಡರು. ಅರವತ್ತರ ದಶಕದ ಮೊದಲಲ್ಲಿ ನಾವು ಸರಸ್ವತಿಪುರಂಗೆ ಬಂದೆವು. ಬಾಡಿಗೆಯದಾದರೂ ಬಾಗಿಲು ಮುಚ್ಚಿಕೊಳ್ಳುವ ಕೋಣೆಯಿತ್ತು. ನನ್ನ ಅವಸರ ಒಂದೇ ದಿನಕ್ಕೆ ಹೋಗಲಿಲ್ಲ. ಆಗಾಗ ಮರಳಿ ಬರುತ್ತಿತ್ತು, ಸುಸ್ತಾದ ದಿನ, ಚಿಂತೆಯ ದಿನ. ಆದರೆ ಬಂದಾಗ ಇಬ್ಬರೂ ಮಾತಾಡಿಕೊಳ್ಳುತ್ತಿದ್ದೆವು. ಒಂದೊಂದು ಸಲ ಅವಳು ನಕ್ಕುಬಿಡುತ್ತಿದ್ದಳು, ನಾನೂ ನಗುತ್ತಿದ್ದೆ. ಎರಡು ಮಕ್ಕಳಾದವು. ಸುಖವಾಗಿರುವ ಹೊತ್ತಿನಲ್ಲೇ ಕುಂಬಾರಕೊಪ್ಪಲಿನ ಆ ಜಗುಲಿ ಕಣ್ಣೆದುರು ಬಂದು, ಎದ್ದು ಕೂತದ್ದೂ ಉಂಟು.

ನಾನು ಆಮೇಲೆ ಸೇರಿದ ಹೊಸ ಪ್ರೆಸ್ಸಿನಲ್ಲಿ ಒಬ್ಬ ಬೈಂಡರ್ ಇದ್ದ. ಮದುವೆಯಾದ ಎರಡೇ ತಿಂಗಳಿಗೆ ಮುಖ ಬಾಡಿಸಿಕೊಂಡು ಅಂಟು ಬಳಿಯುತ್ತ ಕೂತಿರುತ್ತಿದ್ದ. ಒಂದು ದಿನ ಕಾಫಿಗೆ ಕರೆದುಕೊಂಡು ಹೋಗಿ, ಅವನು ಏನೂ ಕೇಳದಿದ್ದರೂ, ನನ್ನದೆಲ್ಲ ಹೇಳಿದೆ. ಲಾಡ್ಜು, ಪುಡಿ, ಸತ್ತವನು, ಡಾಕ್ಟರ ಮಾತು. ಅವನು ಅರ್ಧ ಕಾಫಿ ಬಿಟ್ಟು ಎದ್ದು, "ಇಂಥ ಮಾತೆಲ್ಲ ನನ್ನ ಹತ್ರ ಯಾಕ್ರೀ ಆಡ್ತೀರಿ?" ಎಂದು ಸಿಡುಕಿ ಹೋದ. ಒಂದು ತಿಂಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಬಂದು ನನ್ನ ಪಕ್ಕ ನಿಂತು, ಕೈಯಲ್ಲಿದ್ದ ದಾರವನ್ನೇ ನೋಡುತ್ತ, "ಆ ಡಾಕ್ಟ್ರು ಈಗಲೂ ಅಲ್ಲೇ ಇದಾರಾ?" ಎಂದ.

ಅವರು ವರ್ಗವಾಗಿ ಹೋಗಿದ್ದರು. "ಬೇರೆಯವರು ಇರ್ತಾರೆ. ನಾನೂ ಬರ್ತೀನಿ ನಡಿ" ಎಂದು ಅರ್ಧ ದಿನದ ರಜೆ ಬರೆದುಕೊಟ್ಟು ಅವನ ಜೊತೆ ಹೊರಟೆ.